ಘಟ್ಟದ ಮೇಲಿನ ಮೂರು ತಾಲೂಕುಗಳ ಐತಿಹಾಸಿಕ ಸ್ಥಳದರ್ಶನ

ಶಾಲೆಗಳ ವಾರ್ಷಿಕ ಪ್ರವಾಸವೆಂದರೆ ಹಂಪೆ, ವಿಜಾಪುರ, ಬೇಲೂರು, ಹಳೇಬೀಡುಗಳ ಹೆಸರು ಮೊದಲು ಬರುವುದು ಸಹಜ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳತ್ತ ಬರುವವರಾದರೋ ಬಹುಮಟ್ಟಿಗೆ ಜಲಪಾತಗಳನ್ನು ಅರಸಿ ಬರುವವರೇ. ಉಂಚಳ್ಳಿ, ಮಾಗೋಡುಗಳನ್ನು ಕಂಡು, ಬನವಾಸಿಯಲ್ಲಿ ಒಂದು ಗಳಿಗೆ ನಿಂತು ಕೈಮುಗಿದು ಹೊರಟುಬಿಡುತ್ತಾರೆ. ಗೋಳಗುಮ್ಮಟದಂತೆ ದೂರದಿಂದಲೇ ಕಣ್ಣನ್ನು ಸೆಳೆಯುವ ಕಟ್ಟಡ ಈ ಸೀಮೆಯಲ್ಲಿ ಇಲ್ಲವೆಂಬುದು ನಿಜ. ಆದರೆ ಕರ್ನಾಟಕವನ್ನು ಆಳಿದ ಮೊದಲ ಕನ್ನಡ ರಾಜವಂಶದ ರಾಜಧಾನಿ ಇಲ್ಲಿದೆ. ಆಮೇಲೆ ಸಾವಿರದ ಇನ್ನೂರು ವರ್ಷ ಕಳೆದ ಮೇಲೆಯೂ ಎರಡು ಚಿಕ್ಕ ರಾಜ್ಯಗಳು ಇಲ್ಲಿಯೇ ತಲೆಯೆತ್ತಿ ಬಾಳಿದವು. ಇವುಗಳ ಕುರುಹುಗಳು ಹೊಲದ ಬದುವಿನಲ್ಲಿ, ನದಿಯ ಪಾತ್ರದಲ್ಲಿ, ಗುಡಿಯ ಹಿಂಬದಿಯ ಗೋಡೆಯಲ್ಲಿ ಚದುರಿಕೊಂಡಿವೆ. ಅವುಗಳನ್ನು ಗುರುತಿಸಿ ಓದಬಲ್ಲವನಿಗೆ ಮಾತ್ರ ಅವು ಇತಿಹಾಸವಾಗುತ್ತವೆ; ಉಳಿದವರಿಗೆ ಬರಿಯ ಕಲ್ಲು.

ಕಾಡು, ಮಳೆ, ಕಡಿದಾದ ಘಟ್ಟಗಳ ಈ ನಾಡಿನಲ್ಲಿ ರಾಜಧಾನಿಗಳು ಏಕೆ ಹುಟ್ಟಿದವೆಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳಬೇಕು, ಶಿಕ್ಷಕರು ಕೇಳಿಸಬೇಕು. ಉತ್ತರವು ಅಡಿಕೆ ತೋಟಗಳಲ್ಲಿ ದೊರೆಯುತ್ತದೆ. ಅಡಿಕೆ ಮರವನ್ನು ಅಪ್ಪಿ ಬೆಳೆಯುವ ಮೆಣಸಿನ ಬಳ್ಳಿಯ ಕಾಳು ಘಟ್ಟವಿಳಿದು ಹೊನ್ನಾವರ, ಮಿರ್ಜಾನ, ಭಟಕಳದ ಬಂದರುಗಳ ಮೂಲಕ ಕಡಲಾಚೆಯ ದೇಶಗಳಿಗೆ ಹೋಗುತ್ತಿತ್ತು. ಘಟ್ಟದ ಕೆಳಗಿನ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದೇ ಕರೆದರು. ಬಯಲುಸೀಮೆಗೂ ಕಡಲಿಗೂ ನಡುವಿನ ಈ ಮೆಟ್ಟಿಲನ್ನು ಹಿಡಿದವನಿಗೆ ಸುಂಕವೂ ಉಂಟು, ಕಾಡಿನ ರಕ್ಷಣೆಯೂ ಉಂಟು. ಈ ಒಂದು ಮಾತು ತಿಳಿದರೆ ಸೋದೆ, ಬಿಳಗಿಗಳ ಇತಿಹಾಸ ಅರ್ಧ ತಿಳಿದಂತೆಯೇ ಸರಿ.

ಸ್ಥಳದರ್ಶನವನ್ನು ಬನವಾಸಿಯಿಂದ ಆರಂಭಿಸುವುದು ಯುಕ್ತ. ಶಿರಸಿಯಿಂದ ಸುಮಾರು 23 ಕಿ.ಮೀ. ದೂರದಲ್ಲಿ, ವರದಾ ನದಿಯು ಮೂರು ಕಡೆ ಬಳಸಿ ಹರಿಯುವ ಸ್ಥಳದಲ್ಲಿ ಈ ಊರಿದೆ. ವೈಜಯಂತಿ, ಜಯಂತೀಪುರ ಎಂಬವು ಇದರ ಹಳೆಯ ಹೆಸರುಗಳು. ಗ್ರೀಕ ಭೂಗೋಲಜ್ಞ ಟಾಲೆಮಿಗೆ ಈ ಊರು ಗೊತ್ತಿತ್ತು; ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವು ಧರ್ಮಪ್ರಚಾರಕ್ಕಾಗಿ ವನವಾಸಕ್ಕೆ ಬಂದನೆಂದು ಸಿಂಹಳದ ಮಹಾವಂಶವು ಹೇಳುತ್ತದೆ. ಕ್ರಿ.ಶ. 345ರ ಸುಮಾರಿಗೆ ಮಯೂರಶರ್ಮನು ಕದಂಬರ ರಾಜ್ಯವನ್ನು ಕಟ್ಟಿದ್ದು ಇಲ್ಲಿಂದಲೇ. ಮಯೂರನ ಕಥೆಯನ್ನು ತಿಳಿಸುವ ಸ್ತಂಭಶಾಸನವಿರುವುದು ಮಾತ್ರ ಇಲ್ಲಲ್ಲ, ನೆರೆಯ ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ. ಬಾದಾಮಿಯ ಇಮ್ಮಡಿ ಪುಲಿಕೇಶಿಯು ಈ ನಗರವನ್ನು ಮುತ್ತಿದ ಸಂಗತಿಯನ್ನು ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ವರ್ಣಿಸುತ್ತಾನೆ. ನೆಲದ ಮೇಲಿನ ಕೋಟೆಯು ಸೇನಾಸಮುದ್ರದ ನಡುವೆ ಜಲದುರ್ಗದಂತೆ ತೋರಿತೆಂಬುದು ಆ ಕವಿಯ ಕಲ್ಪನೆ. ವರದೆಯ ಅಂಚಿನಲ್ಲಿ ನಿಂತು ಊರನ್ನು ನೋಡಿದವರಿಗೆ ಆ ಕಲ್ಪನೆಯ ಔಚಿತ್ಯ ತಾನಾಗಿ ಅರಿವಾಗುತ್ತದೆ. ಪಂಪನು ಬನವಾಸಿಯನ್ನು ನೆನೆದು ಬರೆದ ಪದ್ಯಗಳನ್ನು ಕನ್ನಡ ಬಲ್ಲ ಯಾರಿಗೂ ಪರಿಚಯಿಸಬೇಕಾದುದಿಲ್ಲ. ರಾಜ್ಯ ಸರಕಾರವು 1987ರಲ್ಲಿ ಆರಂಭಿಸಿದ ಪಂಪ ಪ್ರಶಸ್ತಿಯು ಮೊದಲು ಸಂದದ್ದು ಕುವೆಂಪು ಅವರಿಗೆ.

ಮಧುಕೇಶ್ವರ ದೇವಾಲಯವನ್ನು ಒಂದೇ ಕಾಲದ ಒಂದೇ ಕಟ್ಟಡವೆಂದು ತಿಳಿಯಬಾರದು. ಗರ್ಭಗುಡಿಯ ಸರಳವಾದ ಭಾಗ ಬೇರೆ, ಕಲ್ಯಾಣದ ಚಾಲುಕ್ಯರ ಕಾಲದ ನುಣುಪಾದ ಕಂಬಗಳ ಸಭಾಮಂಟಪ ಬೇರೆ, ಸೋದೆಯ ಅರಸರ ಕಾಲದ ಸೇರ್ಪಡೆಗಳು ಬೇರೆ. ಕಂಬದಲ್ಲಿ ಮುಖ ಕಾಣುವುದೋ ಎಂದು ನೋಡಿ ನಗುವ ಹುಡುಗರಿಗೆ, ಇದೇ ಕಂಬವನ್ನು ಹೊರಮಂಟಪದ ಕಂಬದೊಡನೆ ಹೋಲಿಸಿ ಭೇದ ಹೇಳಿರೆಂದರೆ ಸಾಕು, ಪಾಠ ತಾನಾಗಿಯೇ ನಡೆಯುತ್ತದೆ. ಶರಣಸಾಹಿತ್ಯವನ್ನು ಓದಿದವರಿಗೆ ಈ ಗುಡಿಯೊಡನೆ ಇನ್ನೊಂದು ನಂಟಿದೆ. ಹದಿನೈದನೆಯ ಶತಮಾನದ ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಬನವಾಸಿಯ ಅರಸು ಮಮಕಾರನ ಮಗಳು ಮಾಯೆಯನ್ನೂ ಮದ್ದಳೆಯನ್ನು ನುಡಿಸುವ ಅಲ್ಲಮಪ್ರಭುವನ್ನೂ ಸಂಧಿಸುವಂತೆ ಮಾಡಿರುವುದು ಮಧುಕೇಶ್ವರನ ಈ ಸನ್ನಿಧಿಯಲ್ಲಿಯೇ. ಅದು ಕಾವ್ಯ, ಇತಿಹಾಸವಲ್ಲ. ಆದರೂ ಕಲ್ಯಾಣದಿಂದ ದೂರದ ಈ ಕಾಡಿನಂಚಿನ ಊರನ್ನು ಕವಿಯು ಆರಿಸಿಕೊಂಡದ್ದು ಬನವಾಸಿಯ ಹೆಸರಿಗೆ ಆಗ ಇದ್ದ ತೂಕವನ್ನು ತೋರಿಸುತ್ತದೆ.

ಈ ದೇವಾಲಯದ ಆವರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದುದು ಐದು ಹೆಡೆಯ ನಾಗಶಿಲ್ಪದ ಮುಂದೆ. ಅದರ ಅಂಚಿನಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವಿದೆ. ಕದಂಬರಿಗಿಂತ ಮುಂಚೆ ಇಲ್ಲಿ ಆಳಿದ ಚುಟು ವಂಶದ ಸಾತಕರ್ಣಿಯ ಆಳ್ವಿಕೆಯ ಹನ್ನೆರಡನೆಯ ವರ್ಷದಲ್ಲಿ, ಅರಸನ ಮಗಳು ಮಹಾಭೋಜಿ ಶಿವಸ್ಕಂದನಾಗಶ್ರೀಯು ಒಂದು ನಾಗವನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ದಾನವಾಗಿ ಕೊಟ್ಟಳೆಂಬುದು ಅದರ ತಾತ್ಪರ್ಯ. ಕೆಲಸದ ಮೇಲ್ವಿಚಾರಣೆ ನಡೆಸಿದ ಅಮಾತ್ಯನ ಹೆಸರಿದೆ. ನಾಗವನ್ನು ಕಡೆದವನು ಜಯಂತಿಯ ಆಚಾರ್ಯ ಇಂದ್ರಮಯೂರನ ಶಿಷ್ಯ ನಾಟಕನೆಂದು ಶಿಲ್ಪಿಯ ಹೆಸರೂ ಇದೆ. ದಾನಿ ಒಬ್ಬ ಹೆಣ್ಣುಮಗಳು. ಗುರುವಿನ ಹೆಸರು ಹೇಳಿಕೊಂಡ ಒಬ್ಬ ಕುಶಲಕರ್ಮಿ. ನೀರಿಗೊಂದು, ಧರ್ಮಕ್ಕೊಂದು, ಪೂಜೆಗೊಂದು ಎಂದು ಮೂರು ದಾನಗಳು. ವಿಹಾರ ಇಂದು ಇಲ್ಲ. ಆ ಕೆರೆ ಯಾವುದೆಂದು ಬೆರಳಿಟ್ಟು ತೋರಿಸಲಾಗದು. ಉಳಿದುಬಂದ ಈ ಒಂದು ಕಲ್ಲಿನಿಂದಲೇ ಹದಿನೇಳು ಹದಿನೆಂಟು ಶತಮಾನಗಳ ಹಿಂದಿನ ಒಂದು ಊರಿನ ಬಾಳು ತಿಳಿಯುತ್ತದೆ. ಶಾತವಾಹನ ಪುಳುಮಾವಿಯ ರಾಣಿಯ ಸ್ಮರಣೆಗಾಗಿ ನಿಲ್ಲಿಸಿದ ಛಾಯಾಸ್ತಂಭವೂ ಬನವಾಸಿಯಲ್ಲಿಯೇ ದೊರೆತಿದೆ. ಸತ್ತವರಿಗಾಗಿ ಕಲ್ಲು ನಿಲ್ಲಿಸುವ ಪದ್ಧತಿಯು ಈ ನಾಡಿನಲ್ಲಿ ಎಷ್ಟು ಹಳೆಯದೆಂಬುದಕ್ಕೆ ಅದು ಸಾಕ್ಷಿ. ಸಮೀಪದ ಗುಡ್ನಾಪುರದ ದೊಡ್ಡ ಕೆರೆಯ ಬಳಿ ಕದಂಬ ರವಿವರ್ಮನ ಸ್ತಂಭಶಾಸನ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿಯಷ್ಟೇ ಬೆಳಕಿಗೆ ಬಂದಿತು. ಅದು ಕದಂಬರ ವಂಶಾವಳಿಯನ್ನೂ ಮನ್ಮಥನ ಆಲಯವನ್ನೂ ವಸಂತೋತ್ಸವವನ್ನೂ ತಿಳಿಸುತ್ತದೆ. ಅಂದಮೇಲೆ ಇನ್ನೆಷ್ಟು ಶಾಸನಗಳು ಈ ಮಣ್ಣಿನಲ್ಲಿ ಅಡಗಿವೆಯೋ!

ವೀರಗಲ್ಲು, ಮಾಸ್ತಿಕಲ್ಲು, ದಾನಶಾಸನಗಳು ಈ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಕಾಣಸಿಗುತ್ತವೆ. ಇವುಗಳನ್ನು ಓದಲು ಪಂಡಿತನೇ ಆಗಬೇಕಿಲ್ಲ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕತ್ತಿ, ಕುದುರೆ, ದನಗಳಿದ್ದರೆ ತುರುಗೋಳಿನ ಕಾಳಗವೆಂದು ತಿಳಿಯಬೇಕು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಮಡಿದ ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಆತನು ಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಜಿನಬಿಂಬವಿದ್ದರೆ ವೀರನು ಜೈನನೆಂದು ಊಹಿಸಬಹುದು. ತುದಿಯಲ್ಲಿ ಸೂರ್ಯಚಂದ್ರರು, ಅವರಿರುವವರೆಗೆ ಈ ಕೀರ್ತಿ ಇರಲೆಂಬ ಹಾರೈಕೆ. ಬಳೆ ತೊಟ್ಟ ಕೈಯೊಂದು ಕಂಬದಿಂದ ಚಾಚಿದಂತಿದ್ದರೆ ಅದು ಮಾಸ್ತಿಕಲ್ಲು. ಗಂಡನ ಚಿತೆಯನ್ನೇರಿದವಳ ನೆನಪು. ಅದನ್ನು ಇಂದಿನ ವಿದ್ಯಾರ್ಥಿನಿಯರಿಗೆ ತೋರಿಸುವಾಗ ಹೊಗಳಿಕೆಯ ಮಾತು ಸಲ್ಲದು. ಹಸು ಕರು, ಖಡ್ಗ, ಸೂರ್ಯಚಂದ್ರರಿದ್ದು ಕೆಳಗೆ ಅಕ್ಷರಗಳಿದ್ದರೆ ಅದು ದಾನಶಾಸನ. ಕೊಟ್ಟವರಾರು, ಯಾರಿಗೆ, ಎಷ್ಟು ಭೂಮಿ, ಎಲ್ಲೆ ಯಾವುದು, ಕಡೆಗೆ ಇದನ್ನು ಅಳಿದವನಿಗೆ ಏನು ಪಾಪ—ಇದು ಬಹುಪಾಲು ದಾನಶಾಸನಗಳ ಕ್ರಮ.

ಶಾಸನದ ಅಕ್ಷರ ಸವೆದಿದ್ದರೆ ಅದರ ಮೇಲೆ ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಬಳಿಯುವುದು, ಕಬ್ಬಿಣದ ಬ್ರಶ್ಶಿನಿಂದ ಉಜ್ಜುವುದು ನಮ್ಮ ಜನರಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪು. ಇದರಿಂದ ಉಳಿದ ಅಕ್ಷರವೂ ಹೋಗುತ್ತದೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ, ಇಲ್ಲವೆ ಬ್ಯಾಟರಿಯ ಬೆಳಕನ್ನು ಪಕ್ಕದಿಂದ ಹಾಯಿಸಿ ನೋಡಿದರೆ ಅಕ್ಷರದ ಗೀರುಗಳಲ್ಲಿ ನೆರಳು ಕೂತು ಎಷ್ಟೋ ಸಾಲುಗಳು ತಾವಾಗಿ ಎದ್ದು ಕಾಣುತ್ತವೆ. ಆಗ ತೆಗೆದ ಭಾವಚಿತ್ರವೇ ಓದಲು ಸಾಕಾಗುತ್ತದೆ. ಶಾಸನತಜ್ಞರು ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಬ್ರಶ್ಶಿನಿಂದ ಮೆಲ್ಲನೆ ಬಡಿದು ಕಾಗದವು ಅಕ್ಷರದ ತಗ್ಗಿನೊಳಗೆ ಇಳಿಯುವಂತೆ ಮಾಡಿ, ಮೇಲೆ ಮಸಿಯ ಚೆಂಡನ್ನು ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಅಕ್ಷರ ಬಿಳಿಯಾಗಿಯೂ ಸುತ್ತಲಿನ ಭಾಗ ಕಪ್ಪಾಗಿಯೂ ಮೂಡುತ್ತದೆ. ಅದು ತಜ್ಞರ ಕೆಲಸ. ಹೊಸ ಶಾಸನ ಕಂಡರೆ ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸುವುದು ಶಾಲೆಯ ಕೆಲಸ. ಕಲ್ಲನ್ನು ಕಿತ್ತು ಶಾಲೆಯ ಅಂಗಳಕ್ಕೆ ತರುವ ಉತ್ಸಾಹವೂ ಒಳ್ಳೆಯದಲ್ಲ. ಎಲ್ಲೆಕಲ್ಲು ಎಲ್ಲೆಯಿಂದ ಕದಲಿದ ಮೇಲೆ ಅದು ಹೇಳುವ ಎಲ್ಲೆಯ ಮಾತಿಗೆ ಅರ್ಥವೇನು?

ದಾನಿಗಳು ವಿಚಾರಿಸಬೇಕಾದ ಸಂಗತಿಯೊಂದು ಇಲ್ಲಿಯೇ ಬರುತ್ತದೆ. ನಿಧಿಯಾಸೆಗೆ ನಂದಿಯನ್ನು ಒಡೆಯುವ ಕಳ್ಳನಿಂದ ಆಗುವ ಹಾನಿ ಎಲ್ಲರಿಗೂ ಕಾಣುತ್ತದೆ. ಭಕ್ತಿಯಿಂದ ನಡೆಯುವ ಜೀರ್ಣೋದ್ಧಾರದಿಂದ ಆಗುವ ಹಾನಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ಗೋಡೆಯನ್ನು ಕೆಡವಿ ಸಿಮೆಂಟು ಹಾಕುವಾಗ, ನೆಲಕ್ಕೆ ಟೈಲ್ಸ್ ಹಾಸುವಾಗ, ಕಲ್ಲಿಗೆ ಎಣ್ಣೆಬಣ್ಣ ಬಳಿಯುವಾಗ ಹಿಂದಿನ ದಾನಿಯ ಹೆಸರು ಅಳಿಸಿ ಇಂದಿನ ದಾನಿಯ ಹೆಸರು ಏರುತ್ತದೆ. ಶಿರಸಿಯ ಮಾರಿಕಾಂಬಾ ದೇವಾಲಯದಲ್ಲಿ ಕಾವಿ ಕಲೆಯ ಚಿತ್ರಗಳನ್ನು ಕಂಡವರಿಗೆ ಇದರ ಮಹತ್ವ ತಿಳಿದೀತು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಅದು ಹಸಿಯಿರುವಾಗಲೇ ಮೊನಚಾದ ಕಂಠದಿಂದ ಗೀರಿ ಒಳಗಿನ ಬಿಳುಪನ್ನು ತೆರೆಯುವುದು ಈ ಕಲೆಯ ವಿಧಾನ. ಬಣ್ಣಗಳು ಎರಡೇ, ಕೆಂಪು ಮತ್ತು ಬಿಳಿ. ಕೊಂಕಣ ಕರಾವಳಿಯಲ್ಲೂ ಈ ಸೀಮೆಯಲ್ಲೂ ಮಾತ್ರ ಬೆಳೆದ ಈ ಕಲೆಯನ್ನು ಕೃಷ್ಣಾನಂದ ಕಾಮತರು ಊರೂರು ಅಲೆದು ದಾಖಲಿಸಿದರು. ಗೋಡೆ ಹೊಸದಾದೊಡನೆ ಈ ಚಿತ್ರ ಹೋಗುತ್ತದೆ. ಗಾರೆಯ ಮೇಲಿನ ಚಿತ್ರವನ್ನು ಕಿತ್ತಿಡಲು ಬರುವುದಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಗೆ ಬರುವ ಲಕ್ಷಾಂತರ ಜನರಲ್ಲಿ ಈ ಗೋಡೆಗಳನ್ನು ನೋಡುವವರು ಕೆಲವೇ ಮಂದಿ. ಇದೇ ಜಾತ್ರೆಯ ಕೋಣನ ಬಲಿಯು 1930ರ ದಶಕದಲ್ಲಿ, ಗಾಂಧೀಜಿಯವರು 1934ರಲ್ಲಿ ಶಿರಸಿಗೆ ಬಂದ ಕಾಲದಲ್ಲಿ ನಿಂತಿತೆಂಬುದನ್ನೂ ಇಲ್ಲಿ ನೆನೆಯಬಹುದು. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕ ಈ ಊರಿಗೆ ಹೊಸದಲ್ಲ.

ಶಿರಸಿಯಿಂದ ಯಲ್ಲಾಪುರದ ದಾರಿಯಲ್ಲಿ ಸಾಗಿದರೆ ಸೋದೆಯ ಸೀಮೆ. ಸೋಂದಾ, ಸ್ವಾದಿ, ಸುಧಾಪುರ ಎಂಬ ಹೆಸರುಗಳೂ ಇದಕ್ಕೆ ಇವೆ. ವಿಜಯನಗರದ ಅಧೀನದಲ್ಲಿ ಹದಿನಾರನೆಯ ಶತಮಾನದ ನಡುವಿನಲ್ಲಿ ಅರಸಪ್ಪನಾಯಕನಿಂದ ಮೊದಲಾದ ಈ ವಂಶವು ಎರಡು ಶತಮಾನ ಬಾಳಿತು. ವಾದಿರಾಜರ ವೃಂದಾವನವಿರುವ ಮಾಧ್ವ ಮಠ, ಅದ್ವೈತ ಪರಂಪರೆಯ ಸ್ವರ್ಣವಲ್ಲೀ ಮಠ, ಜೈನರ ಸ್ವಾದಿ ಮಠ—ಈ ಮೂರೂ ಕೆಲವೇ ಮೈಲಿಗಳ ಅಂತರದಲ್ಲಿವೆ. ಇದೇ ವಂಶದಲ್ಲಿ ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಸದಾಶಿವರಾಯನು ವೀರಶೈವ ಕವಿ. ಸ್ವರವಚನಗಳನ್ನು ರಚಿಸಿದವನು, ಚೆನ್ನಬಸವಣ್ಣನವರ ಸಮಾಧಿಯಿರುವ ಉಳವಿಯ ಮಹಿಮೆಯನ್ನು ಹಾಡಿದವನು. ಒಂದು ಚಿಕ್ಕ ರಾಜ್ಯದಲ್ಲಿ ನಾಲ್ಕು ದರ್ಶನಗಳು ನೆಲೆಗೊಂಡ ಇಂಥ ದೃಷ್ಟಾಂತ ಕರ್ನಾಟಕದಲ್ಲಿಯೂ ಅಪರೂಪ. ಪ್ರವಾಸಿಗಳು ತಮ್ಮ ತಮ್ಮ ಮಠಕ್ಕಷ್ಟೇ ಹೋಗಿ ಬರುವುದರಿಂದ ಈ ಅಂಶ ಅವರ ಗಮನಕ್ಕೆ ಬಾರದೆ ಹೋಗುತ್ತದೆ.

ಶಾಲ್ಮಲಾ ನದಿಯ ಸಹಸ್ರಲಿಂಗ ಈ ಸೀಮೆಯಲ್ಲಿಯೇ ಇದೆ. ನದಿಯ ಪಾತ್ರದ ಬಂಡೆಬಂಡೆಯ ಮೇಲೂ ಲಿಂಗ, ನಂದಿಗಳನ್ನು ಕಡೆಯಲಾಗಿದೆ. ಸ್ಥಳಪರಂಪರೆಯು ಇದನ್ನು ಸದಾಶಿವರಾಯನಿಗೆ ಸಲ್ಲಿಸುತ್ತದೆ. ಛಾವಣಿಯಿಲ್ಲ, ಗರ್ಭಗುಡಿಯಿಲ್ಲ, ಅರ್ಚಕನ ಅಡ್ಡಿಯೂ ಇಲ್ಲ. ಮಳೆಗಾಲದಲ್ಲಿ ನದಿಯೇ ಅಭಿಷೇಕ ಮಾಡುತ್ತದೆ, ನೋಡುವವರಿಗೆ ಆಗ ಕೆಂಪು ನೀರಲ್ಲದೆ ಮತ್ತೇನೂ ಕಾಣದು. ಕಾರ್ತಿಕದ ಬಳಿಕ ನೀರಿಳಿದಾಗ, ಅದರಲ್ಲೂ ಮಾಘ ಫಾಲ್ಗುಣಗಳಲ್ಲಿ, ಲಿಂಗಗಳು ಚೆನ್ನಾಗಿ ತೋರುತ್ತವೆ. ಶಿವರಾತ್ರಿಯಂದು ಜನಸಂದಣಿ ಹೆಚ್ಚು. ಅಭ್ಯಾಸಕ್ಕಾಗಿ ಬರುವವರು ಬೇರೆ ದಿನ ಬರುವುದು ಲೇಸು. ಪಾಚಿಗಟ್ಟಿದ ಬಂಡೆಗಳು ಜಾರುತ್ತವೆ, ಮಕ್ಕಳನ್ನು ಕೈಹಿಡಿದೇ ಕರೆದೊಯ್ಯಬೇಕು. ಶಿಲ್ಪದ ಮೇಲೆ ಹತ್ತಿ ನಿಂತು ಭಾವಚಿತ್ರ ತೆಗೆಸಿಕೊಳ್ಳುವವರನ್ನು ತಡೆಯಲು ಅಲ್ಲಿ ಯಾರೂ ಇಲ್ಲ. ಆ ಕೆಲಸ ಜೊತೆಗಿರುವ ಶಿಕ್ಷಕರದು.

ಸೋದೆಯ ಕೋಟೆಯ ಗೋಡೆಗಳು ಗಿಡಮರಗಳ ನಡುವೆ ಅಲ್ಲಲ್ಲಿ ಮಾತ್ರ ಉಳಿದಿವೆ. ಬಿದನೂರನ್ನು 1763ರಲ್ಲಿ ಗೆದ್ದ ಹೈದರಾಲಿಯ ಸೈನ್ಯವು ಸೋದೆಯನ್ನೂ ಹಿಡಿಯಿತು. ಅರಸನು ಗೋವೆಗೆ ಹೋಗಿ ಪೋರ್ತುಗೀಜರ ಆಶ್ರಯ ಪಡೆದನು. ಫೋಂಡಾ, ಕಾಣಕೋಣ ಮೊದಲಾದ ಸೋದೆಯ ಸೀಮೆಗಳು ಹೀಗೆ ಗೋವೆಗೆ ಸೇರಿದವು. ಅರಸುಮನೆತನವು ಫೋಂಡಾದ ಬಳಿಯ ಬಾಂದಿವಡೆಯಲ್ಲಿ ನೆಲೆಸಿತು. ಗೋವೆಯ ಅರ್ಧ ಭೂಪಟವು ಶಿರಸಿಯ ಕಾಡಿನ ಈ ಊರಿನಿಂದ ನಿಶ್ಚಯವಾಯಿತೆಂದರೆ ಇಂದು ನಂಬುವವರು ಕಡಿಮೆ. ಶ್ರೀರಂಗಪಟ್ಟಣದ ಪತನಾನಂತರ ಕಂಪನಿ ಸರಕಾರದ ಅಪ್ಪಣೆಯಂತೆ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಯಲ್ಲಾಪುರ, ಸೋದೆ, ಶಿರಸಿ, ಬನವಾಸಿಗಳ ಮಾರ್ಗವಾಗಿಯೇ ಸಾಗಿದನು. ಆತನ ಪ್ರವಾಸಗ್ರಂಥವು 1807ರಲ್ಲಿ ಅಚ್ಚಾಯಿತು. ಅಡಿಕೆ ಮೆಣಸಿನ ತೋಟಗಳನ್ನೂ ಪಾಳುಬಿದ್ದ ಸೋದೆಯನ್ನೂ ಆತನು ಬಣ್ಣಿಸಿದ್ದಾನೆ. ಹೊರಗಿನವನ ಕಣ್ಣು, ತೆರಿಗೆಯ ಲೆಕ್ಕಾಚಾರದ ಕಣ್ಣು ನಿಜ. ಆದರೂ ಒಂದು ರಾಜಧಾನಿಯು ನಲವತ್ತೇ ವರ್ಷದಲ್ಲಿ ಹೇಗೆ ಕಾಡಾಯಿತೆಂಬುದಕ್ಕೆ ಅದಕ್ಕಿಂತ ಸಮೀಪದ ಸಾಕ್ಷ್ಯ ಸಿಗುವುದು ಕಷ್ಟ.

ಸಿದ್ದಾಪುರ ತಾಲೂಕಿನ ಬಿಳಗಿಯನ್ನು ಬಾಗಲಕೋಟೆ ಜಿಲ್ಲೆಯ ಬೀಳಗಿಯೊಡನೆ ಬೆರೆಸಬಾರದು. ಶ್ವೇತಪುರವೆಂಬ ಹೆಸರಿನ ಈ ಊರು ಸೋದೆಯಂತೆಯೇ ಇನ್ನೊಂದು ಚಿಕ್ಕ ಅರಸುಮನೆತನದ ನೆಲೆ. ಹದಿನಾರನೆಯ ಶತಮಾನದ ರತ್ನತ್ರಯ ಬಸದಿಯು ಇಲ್ಲಿನ ಮುಖ್ಯ ಸ್ಮಾರಕ; ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರಗಳೇ ಆ ಮೂರು ರತ್ನಗಳು. ಅಲ್ಲಿನ ಶಾಸನಗಳಿಂದ ಅರಸರ ವಂಶಾವಳಿ ತಿಳಿದಿದೆ. ಸಮೀಪದ ಭುವನಗಿರಿಯ ಮೇಲೆ ಬಿಳಗಿಯ ಅರಸರು ಕಟ್ಟಿಸಿದ ಭುವನೇಶ್ವರಿಯ ದೇವಾಲಯವನ್ನು ಕನ್ನಡಿಗರು ನಾಡದೇವಿಯ ಸನ್ನಿಧಿಯೆಂದು ಭಾವಿಸುತ್ತಾರೆ. ನೂರಾರು ಮೆಟ್ಟಿಲುಗಳನ್ನು ಹತ್ತಬೇಕಾದುದರಿಂದ ಬೆಳಗಿನ ತಂಪಿನಲ್ಲಿ ಹೋಗುವುದು ಹಿತ. ಜೋಗದ ದಾರಿಯಲ್ಲಿರುವ ಮಾವಿನಗುಂಡಿಯಲ್ಲಿ ಬಹುತೇಕ ವಾಹನಗಳು ನಿಲ್ಲುವುದೇ ಇಲ್ಲ. ಕರನಿರಾಕರಣೆಯ ಚಳವಳಿಯಲ್ಲಿ ಸರಕಾರವು ಜಪ್ತಿ ಮಾಡಿದ ಸ್ವತ್ತಿನ ಸಲುವಾಗಿ 1932ರಲ್ಲಿ ಈ ತಾಲೂಕಿನ ಹೆಣ್ಣುಮಕ್ಕಳು ಸತ್ಯಾಗ್ರಹ ನಡೆಸಿದ ಸ್ಥಳ ಅದು. ಅಲ್ಲೊಂದು ಸ್ಮಾರಕವಿದೆ. ಜೋಗಕ್ಕೆ ಹೋಗುವ ಶಾಲಾಮಕ್ಕಳು ಹತ್ತು ನಿಮಿಷ ಅಲ್ಲಿ ಇಳಿದರೆ ಜಲಪಾತ ಎಲ್ಲಿಗೂ ಓಡಿಹೋಗದು.

ಯಲ್ಲಾಪುರದ ಇತಿಹಾಸ ಕಟ್ಟಡಗಳಿಗಿಂತ ದಾರಿಗಳಲ್ಲಿದೆ. ಧಾರವಾಡ ಸೀಮೆಯ ಹತ್ತಿಯನ್ನು ಬಂದರಿಗೆ ಸಾಗಿಸುವ ಆಸೆಯೇ ಈ ಜಿಲ್ಲೆಯು 1862ರಲ್ಲಿ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಲು ಮುಖ್ಯ ಕಾರಣವಾಯಿತು. ಅರಬೈಲು ಘಟ್ಟವನ್ನು ಇಳಿಯುವಾಗ ಈ ಮಾತನ್ನು ಮಕ್ಕಳಿಗೆ ಹೇಳಬಹುದು. ಈ ತಾಲೂಕಿನ ಕಾಡಂಚಿನಲ್ಲಿ ಬಾಳುವ ಸಿದ್ದಿ ಜನರ ಪೂರ್ವಿಕರು ಆಫ್ರಿಕದವರು. ಗೋವೆಯ ಪೋರ್ತುಗೀಜರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರಿಗೆ ಈ ದಟ್ಟ ಕಾಡು ಆಶ್ರಯ ಕೊಟ್ಟಿತು. ಪರಿಶಿಷ್ಟ ಪಂಗಡದ ಮನ್ನಣೆ ಅವರಿಗೆ ದೊರೆತದ್ದು 2003ರಲ್ಲಿ. ಅವರ ಹೆಸರಿನಲ್ಲಿ ಶಾಸನವಿಲ್ಲ, ವೀರಗಲ್ಲಿಲ್ಲ. ಡಮಾಮಿಯ ಬಡಿತ, ಹಾಡು, ಹಿರಿಯರ ಮಾತುಗಳಲ್ಲಿ ಅವರ ಇತಿಹಾಸ ಉಳಿದಿದೆ. ಅವರ ಹಾಡಿಯು ಪ್ರೇಕ್ಷಣೀಯ ಸ್ಥಳವಲ್ಲ, ಜನರ ಮನೆ. ಕರೆಯಿಲ್ಲದೆ ನುಗ್ಗಿ ಚಿತ್ರ ತೆಗೆಯುವುದು ಅನುಚಿತ. ಶಾಲೆಯಿಂದ ಮೊದಲೇ ಹೇಳಿ ಕಳುಹಿಸಿ, ಹಿರಿಯರೊಬ್ಬರನ್ನು ಗೌರವದಿಂದ ಕೂರಿಸಿ ಕೇಳಿದರೆ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಸಂಗತಿಗಳು ತಿಳಿಯುತ್ತವೆ.

ಇವೆಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುವ ಹವ್ಯಾಸ ಬೇಡ. ಬನವಾಸಿ, ಗುಡ್ನಾಪುರಗಳಿಗೆ ಒಂದು ದಿನ. ಶಿರಸಿಯಲ್ಲಿ ತಂಗಿ ಸಹಸ್ರಲಿಂಗ, ಸೋದೆಗಳಿಗೆ ಇನ್ನೊಂದು ದಿನ. ಸಿದ್ದಾಪುರದ ಕಡೆಗೆ ಮತ್ತೊಂದು ದಿನವಾದರೆ ಉತ್ತಮ. ಜೂನದಿಂದ ಸೆಪ್ಟೆಂಬರದವರೆಗೆ ಮಳೆಯ ಅಬ್ಬರವೂ ಕಾಲಿಗೆ ಹತ್ತುವ ಉಂಬಳವೂ ಇರುವುದರಿಂದ ನವೆಂಬರದಿಂದ ಫೆಬ್ರುವರಿಯವರೆಗಿನ ಕಾಲವೇ ತಕ್ಕುದು. ಪ್ರತಿ ವಿದ್ಯಾರ್ಥಿಯ ಕೈಯಲ್ಲಿ ಒಂದು ನೋಟುಪುಸ್ತಕವಿರಲಿ. ಹಿಂದಿರುಗಿದ ಮೇಲೆ ಪ್ರತಿಯೊಬ್ಬನೂ ತನ್ನ ಸ್ವಂತ ಊರಿನ ಗುಡಿಯ ಸುತ್ತಮುತ್ತ ಇರುವ ಹಳೆಯ ಕಲ್ಲುಗಳನ್ನು ಎಣಿಸಿ, ಅಳೆದು, ಚಿತ್ರ ಬರೆದು, ಅವು ಇರುವ ಸ್ಥಳವನ್ನು ಗುರುತು ಮಾಡಿ ತರಲಿ. ಆ ಪಟ್ಟಿಯನ್ನು ಶಾಲೆಯು ಒಂದು ದಾಖಲೆಪುಸ್ತಕದಲ್ಲಿ ವರ್ಷವರ್ಷವೂ ಬರೆದಿಡಲು ಖರ್ಚೇನೂ ಇಲ್ಲ. ಯಾವ ಕಲ್ಲು ಕಳೆದ ವರ್ಷವಿದ್ದು ಈ ವರ್ಷ ಇಲ್ಲವೆಂಬುದು ಅದರಿಂದ ತಿಳಿಯುತ್ತದೆ.